ಅಮಾವಾಸ್ಯೆಗೆ ರಜೆ ಹಾಕುತ್ತಿದ್ದ ತಲೆನೋವು

ತಲೆನೋವು ಅಂದರೆ ಆ ಕಾಲದಲ್ಲಿ ನಮ್ಮಂಥ ಡಾಕ್ಟರರಿಗೆಲ್ಲ ಒಂದು ಅಸಡ್ಡೆ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಬೆಳಗಿನ ಹೊರರೋಗಿಗಳ ಸಾಲು ಬೇವಿನ ಮರದ ಬುಡದವರೆಗೂ ಬೆಳೆದಿರುತ್ತಿತ್ತು. "ತಲೆನೋವು ಸಾ" ಅಂದವರ ಮುಖವನ್ನು ನಾನು ಎತ್ತಿ ನೋಡುವ ಮೊದಲೇ ನಮ್ಮ ಕಾಂಪೌಂಡರು ಎಪಿಸಿ ಮಾತ್ರೆಯ ಪೊಟ್ಟಣ ಕಟ್ಟಿಬಿಟ್ಟಿರುತ್ತಿದ್ದರು. ಜ್ವರಕ್ಕೂ ಅದೇ, ಮೈಕೈ ನೋವಿಗೂ ಅದೇ ಬಿಳಿ ಮಾತ್ರೆ. ಅರವತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ ಒಂದು ದಿನ ಆ ಸಾಲಿನಲ್ಲಿ ಬಂದ ನೇಕಾರರೊಬ್ಬರು ತಲೆಗೆ ಸುತ್ತಿದ್ದ ಟವಲು ಬಿಚ್ಚದೆ ಹೋಗಿದ್ದರೆ ಅವರಿಗೂ ಅದೇ ಪೊಟ್ಟಣ ಸಿಕ್ಕಿರುತ್ತಿತ್ತು.

ಬಿಚ್ಚಿದರು. ಬಲಗಿವಿಯ ಮುಂದಿನಿಂದ ನೆತ್ತಿಗೆ ಹತ್ತಿ ಹಿಂದಕ್ಕಿಳಿದ ಉದ್ದನೆಯ ಹೊಲಿಗೆಯ ಗುರುತು. ಅದರ ಸುತ್ತ ಆಗತಾನೆ ಹುಟ್ಟಿಕೊಂಡ ಗಿಡ್ಡ ಕೂದಲು. ಕಾಂಪೌಂಡರು ಪೊಟ್ಟಣವನ್ನು ಮೆಲ್ಲನೆ ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದರು.

ಜೊತೆಗೆ ಬಂದಿದ್ದ ಅವರ ತಾಯಿಯೇ ಮಾತಾಡಿದ್ದು. ಮಗನಿಗೆ ಎಡಗೈ ಜೋಮು ಹಿಡಿದು ಲಾಳಿ ಎಳೆಯುವ ಹಗ್ಗ ಕೈಜಾರತೊಡಗಿತ್ತಂತೆ. ಆಮೇಲೆ ಒಂದು ದಿನ ಮಗ್ಗದ ಮೇಲೇ ಫಿಟ್ಸ್ ಬಂತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಮೆದುಳಿನ ಹೊದಿಕೆಗೆ ಅಂಟಿ ಬೆಳೆದಿದ್ದ ಗೆಡ್ಡೆಯನ್ನು ತೆಗೆದರು. ಕ್ಯಾನ್ಸರಲ್ಲ, ಪೂರ್ತಿ ಬಂದಿದೆ ಎಂದು ಸರ್ಜನ್ನರು ಬರೆದುಕೊಟ್ಟಿದ್ದರು. ಕೈ ಸರಿಹೋಯಿತು, ಫಿಟ್ಸ್ ನಿಂತಿತು. ಆದರೆ ಊರಿಗೆ ಬಂದ ಮೇಲೆ ಹಿಡಿದ ತಲೆನೋವು ಮಾತ್ರ ಬಿಡಲೊಲ್ಲದು.

"ಗೆಡ್ಡೆ ತಗುದ್ರು ಸಾ, ನೋವ ಒಳಗೇ ಬುಟ್ರು," ಅಂದರು ಆ ತಾಯಿ. "ಅದು ತಿರುಗಾ ಚಿಗುರ್ತಾ ಅದೆ ಅಂದ್ರೆ ಈಗ್ಲೇ ಏಳ್ಬುಡಿ. ಇನ್ನೊಂದಪ ತಲೆ ಬಿಚ್ಚುದ್ರೆ ನನ್ ಮಗ ಉಳಿಯಾಕಿಲ್ಲ."

ಮಗ ನೆಟ್ಟಗೆ ಕೂತಿದ್ದರು. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿದರೆ "ಬತ್ತದೆ", ವಾಂತಿ ಆಗುತ್ತದೆಯೇ ಅಂದರೆ "ಇಲ್ಲ". ಹೌದಕ್ಕೂ ಅಲ್ಲಕ್ಕೂ ತಲೆ ಒಂದಿಷ್ಟೂ ಅಲ್ಲಾಡಲಿಲ್ಲ. ಭಾರಿ ಬಿಗುಮಾನದ ಮನುಷ್ಯ ಎಂದುಕೊಂಡೆ. ಆಗ ನನಗೆ ವಯಸ್ಸೂ ಸಣ್ಣದು, ತಾಳ್ಮೆಯೂ ಸಣ್ಣದು.

ಈಗಿನವರಿಗೆ ಹೇಳಿದರೆ ಕಥೆಯಂತೆ ಕೇಳಿಸುತ್ತದೆ. ಆಗ ತಲೆಯೊಳಗೆ ಏನಿದೆ ಎಂದು ನೋಡಲು ಸ್ಕ್ಯಾನು ಎಂಬುದೇ ಇರಲಿಲ್ಲ. ಬೆನ್ನುಹುರಿಯ ನೀರು ತೆಗೆದು ಆ ಜಾಗಕ್ಕೆ ಗಾಳಿ ತುಂಬಿಸಿ ಎಕ್ಸ್‌ರೇ ತೆಗೆಯುತ್ತಿದ್ದರು. ಆಪರೇಷನ್ನಿಗಿಂತ ಅದೇ ಘೋರ ಎಂದು ಅನುಭವಿಸಿದವರೆಲ್ಲ ಹೇಳುತ್ತಿದ್ದರು. ನಮ್ಮ ನೇಕಾರರು ಆ ಒಂದು ವಿಷಯಕ್ಕೆ ಮಾತ್ರ ಬಾಯಿ ಬಿಟ್ಟರು.

"ಗಾಳಿ ತುಂಬ್ಸಕ್ಕೆ ಮಾತ್ರ ಕಳುಸ್ಬ್ಯಾಡಿ ಸಾ. ಅದ್ಕಿಂತ ಸಾಯದೇ ವಾಸಿ."

ಹಾಗಾಗಿ ನನ್ನ ಕೈಯಲ್ಲಿ ಉಳಿದದ್ದು ಆಫ್ತಾಲ್ಮೋಸ್ಕೋಪ್ ಒಂದೇ. ಕಣ್ಣಿನ ಪಾಪೆಯೊಳಗೆ ಬೆಳಕು ಬಿಟ್ಟು ಹಿಂದಿನ ಪರದೆಯನ್ನು ನೋಡುವ ಸಲಕರಣೆ ಅದು. ತಲೆಯೊಳಗೆ ಒತ್ತಡ ಏರಿದರೆ ಕಣ್ಣಿನ ನರದ ತುದಿಯ ದುಂಡನೆಯ ಬಿಲ್ಲೆ ಉಬ್ಬಿ ಅದರ ಅಂಚು ಕಲಸಿಹೋಗುತ್ತದೆ. ಅಂಚು ಚೊಕ್ಕಟವಾಗಿದ್ದರೆ ಅಷ್ಟರಮಟ್ಟಿಗೆ ಧೈರ್ಯ. ಇಂಥ ರೋಗಿಗೆ ಹನಿ ಹಾಕಿ ಪಾಪೆ ಅಗಲ ಮಾಡುವಂತೆಯೂ ಇಲ್ಲ. ಪಾಪೆಯ ಗಾತ್ರವೇ ಒಳಗಿನ ಸುದ್ದಿ ಹೇಳುವುದರಿಂದ ಅದನ್ನು ಕೆಡಿಸಬಾರದು. ಎಕ್ಸ್‌ರೇ ತೊಳೆಯುವ ಕತ್ತಲೆ ಕೋಣೆಯಲ್ಲಿ ಅವರನ್ನು ಕೂರಿಸಿ, ಔಷಧಿಯ ಘಾಟಿನ ನಡುವೆ, ಸೂಜಿಗಣ್ಣಿನಷ್ಟು ಕಿಂಡಿಯಲ್ಲಿ ಹುಡುಕಿದೆ. ಬಿಲ್ಲೆ ಸಿಕ್ಕಿತು. ಅಂಚು ಚೊಕ್ಕಟವಾಗಿತ್ತು.

ವಾರವಾರವೂ ನೋಡಿದೆ. ಪ್ರತಿ ಸಲವೂ ಅಂಚು ಚೊಕ್ಕಟ, ಪ್ರತಿ ಸಲವೂ ತಲೆನೋವು. ಬೆಳಿಗ್ಗೆ ಬೀದಿಯ ಮಗ್ಗಗಳು ಶುರುವಾಗುವ ಹೊತ್ತಿಗೆ ಕತ್ತಿನ ಬುಡದಲ್ಲಿ ಹುಟ್ಟಿ ಹಣೆಗೆ ಬಂದು ಕೂರುತ್ತಿತ್ತಂತೆ, ಸಂಜೆ ಮಗ್ಗ ನಿಲ್ಲುವವರೆಗೂ ಜಗ್ಗುತ್ತಿರಲಿಲ್ಲವಂತೆ. ಒಂದು ಸಲ ಅವರ ಹೆಂಡತಿ ಜೊತೆಗೆ ಬಂದಿದ್ದರು. ಬಾಗಿಲ ಮರೆಯಲ್ಲಿ ನಿಂತು, ಹೇಳಲೋ ಬೇಡವೋ ಎಂಬಂತೆ ಹೇಳಿದರು.

"ಅಮಾಸೆ ದಿವ್ಸ ಮಾತ್ರ ನೋವಿರಾಕಿಲ್ಲ ಕಣ್ ಸಾ. ಎಲ್ರಿಗೂ ಅವತ್ತೇ ಜಾಸ್ತಿ ಆಗದು. ಇವ್ರಿಗೆ ಉಲ್ಟಾ."

ಅಮಾವಾಸ್ಯೆ ಎಂದರೆ ಕೊಳ್ಳೇಗಾಲದ ನೇಕಾರರಿಗೆ ರಜ. ಆ ದಿನ ಯಾರೂ ಮಗ್ಗಕ್ಕೆ ಇಳಿಯುವುದಿಲ್ಲ. ನನಗೆ ಲಾಟರಿ ಹೊಡೆದಷ್ಟು ಖುಷಿಯಾಯಿತು. ಮಗ್ಗ ಇಲ್ಲದ ದಿನ ನೋವಿಲ್ಲ ಅಂದ ಮೇಲೆ ಸದ್ದೇ ಕಾರಣ. ಇಷ್ಟು ಸರಳವಾದದ್ದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಬೀಗಿದೆ.

ಖಾತ್ರಿ ಮಾಡಿಕೊಳ್ಳಲು ಅವರ ಮನೆಗೇ ಹೋದೆ. ಆ ಬೀದಿಯನ್ನು ನೆನೆದರೆ ಈಗಲೂ ಕಿವಿ ತುಂಬುತ್ತದೆ. ಎರಡೂ ಕಡೆ ತಗ್ಗು ಹೆಂಚಿನ ಮನೆಗಳು, ಒಂದೊಂದರೊಳಗೂ ಟಕ್ ಟಕಾ ಟಕ್. ಬೀದಿಯುದ್ದಕ್ಕೂ ಉದ್ದೆಳೆಗಳ ಹಾಸು ಎಳೆದು ಕಟ್ಟಿ ಕುಂಚದಲ್ಲಿ ಗಂಜಿ ಸವರುವ ಹೆಂಗಸರು, ಬಿಸಿಲಿಗೆ ಮಿನುಗುವ ಅರಿಶಿನ ಬಣ್ಣದ ರೇಷ್ಮೆ, ಅದರಡಿ ಬಗ್ಗಿ ನುಸುಳಿ ಹೋಗುವ ನಾನು. "ಡಾಕುಟ್ರೇ, ಎಳೆ ತುಂಡಾದ್ರೆ ಆಪರೇಸನ್ ನೀವೇ ಮಾಡ್ಬೇಕು" ಎಂದು ಒಬ್ಬಾಕೆ ಕಿಚಾಯಿಸಿದ್ದಳು. ಆ ನಗು, ಆ ಗಂಜಿಯ ವಾಸನೆ ಎಲ್ಲಿ ಹೋದವೋ.

ಆ ಒಂದು ಮನೆ ಮಾತ್ರ ಸದ್ದಿಲ್ಲದೆ ಇತ್ತು. ಅಣ್ಣನ ತಲೆಗೆ ತೊಂದರೆಯಾಗದಿರಲೆಂದು ತಮ್ಮ ತನ್ನ ಮಗ್ಗವನ್ನೇ ನೆಂಟರ ಮನೆಗೆ ಸಾಗಿಸಿದ್ದ. ನಡುಮನೆಯ ಗುಂಡಿಮಗ್ಗದ ಮೇಲೆ ಅಣ್ಣ ಅರ್ಧ ನೇಯ್ದು ಬಿಟ್ಟ ಸೀರೆ ಹಾಗೇ ಇತ್ತು. ಬೇರೆಯವರು ಮುಂದುವರಿಸುವ ಹಾಗಿಲ್ಲ, ಕೈ ಬದಲಾದರೆ ನೇಯ್ಗೆಯಲ್ಲಿ ಅಡ್ಡಗೆರೆ ಬೀಳುತ್ತದೆ. ಕತ್ತರಿಸಿ ಇಳಿಸೋಣವೆಂದರೆ ತಾಯಿ ಬಿಡಲೊಲ್ಲರು. ಅವರ ಮನೆತನದಲ್ಲಿ ನೇಕಾರ ಸತ್ತರೆ ಮಾತ್ರ ಅವನ ಹಾಸನ್ನು ಅರ್ಧಕ್ಕೆ ಕತ್ತರಿಸುತ್ತಿದ್ದರು. ಆದ್ದರಿಂದ ಧೂಳು ಕೂರದಂತೆ ಒಂದು ಬಿಳೀ ಪಂಚೆ ಹೊದಿಸಿಟ್ಟಿದ್ದರು. ಅದರ ಎದುರಿಗೇ ಅವರ ಮಂಚ. ನಾನು ಅದನ್ನೆಲ್ಲ ನೋಡಿದೆ, ನೋಡಿಯೂ ಬೀದಿಯ ಸದ್ದಿನ ಕಡೆಗೇ ಕಿವಿಗೊಟ್ಟೆ.

"ಗದ್ದಲ ಇಲ್ಲದ ಕಡೆ ಒಂದಷ್ಟು ದಿನ ಇರಲಿ," ಎಂದು ಹೇಳಿ ಬಂದೆ. ಯಳಂದೂರಿನ ಹತ್ತಿರದ ಹೊನ್ನೂರಿನಲ್ಲಿ ಅವರ ಅಕ್ಕನ ಮನೆ ಇತ್ತು. ಗದ್ದೆ, ಕಬ್ಬು, ತೆಂಗು. ಮಗ್ಗ ಎಂಬುದು ಮದ್ದಿಗೂ ಇಲ್ಲ. ಮನೆಯವರು ಬಟ್ಟೆ ಗಂಟು ಕಟ್ಟಿಕೊಟ್ಟು ಅವರನ್ನು ಯಳಂದೂರಿನ ಬಸ್ಸು ಹತ್ತಿಸಿದರು.

ಅಲ್ಲಿಂದ ಸುದ್ದಿ ಬಂದದ್ದು ಬಸ್ ಕಂಡಕ್ಟರ ಬಾಯಲ್ಲಿ. ತಲೆನೋವು ದುಪ್ಪಟ್ಟಾಗಿದೆ, ಈಗ ವಾಂತಿಯೂ ಶುರುವಾಗಿದೆ.

ಗೆಡ್ಡೆ ತೆಗೆದ ತಲೆಯಲ್ಲಿ ನೋವಿನ ಜೊತೆ ವಾಂತಿ ಎಂದರೆ ಪುಸ್ತಕದಲ್ಲಿ ಒಂದೇ ಅರ್ಥ. ಗೆಡ್ಡೆ ಮತ್ತೆ ಬೆಳೆದಿದೆ, ಇಲ್ಲವೇ ಒಳಗೆ ನೀರು ಕಟ್ಟಿದೆ. ಹಾಗಿದ್ದರೆ ಮತ್ತೆ ಗಾಳಿ ತುಂಬಿಸುವುದು, ಮತ್ತೆ ತಲೆ ತೆರೆಯುವುದು. ಸುಮ್ಮನಿದ್ದರೆ ಸಾವು. ಅಟೆಂಡರನ್ನು ಕಳಿಸಿ ಕರೆಸಬಹುದಿತ್ತು, ಮನಸ್ಸು ತಡೆಯಲಿಲ್ಲ. ಆಫ್ತಾಲ್ಮೋಸ್ಕೋಪನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟೆ.

ಯಳಂದೂರು ನಾನು ಹುಟ್ಟಿ ಬೆಳೆದ ಊರು. ಬಸ್ ಇಳಿದು, ಸೋದರಮಾವನ ಮನೆಯಲ್ಲಿ ಸೈಕಲ್ ಇಸಿದುಕೊಂಡು, "ಊಟ ಮಾಡ್ಕಂಡಾದ್ರೂ ಓಗ್ಲಾ" ಎಂಬ ಅವರ ಬೈಗುಳ ಕೇಳಿಸಿಕೊಳ್ಳುತ್ತಲೇ ಹೊನ್ನೂರಿನ ದಾರಿ ಹಿಡಿದೆ. ಆಲೆಮನೆಗಳಲ್ಲಿ ಬೆಲ್ಲ ಕಾಯುತ್ತಿದ್ದ ಕಾಲ. ಬೇರೆ ದಿನವಾಗಿದ್ದರೆ ಸೈಕಲ್ ನಿಲ್ಲಿಸಿ ಕಬ್ಬಿನ ಹಾಲು ಕುಡಿಯುತ್ತಿದ್ದೆ. ಆ ದಿನ ಪೆಡಲು ತುಳಿಯುತ್ತಲೇ ಮುಂದೆ ಹೋದೆ.

ನೇಕಾರರು ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದರು. ನಾನು ಪಕ್ಕದಿಂದ ಬಂದೆ. ಅಕ್ಕ "ಡಾಕುಟ್ರು ಬಂದ್ರು ಕಣಪ್ಪಾ" ಎಂದು ಕೂಗಿದಾಗ ಅವರು ನನ್ನ ಕಡೆ ತಿರುಗಿದರು. ತಿರುಗಿದ್ದು ಕತ್ತಲ್ಲ. ಕುಂಡಿ ಎತ್ತಿ, ಸೊಂಟ ತಿರುಗಿಸಿ, ಇಡೀ ಮೈಯನ್ನೇ ಗಾಡಿ ತಿರುಗಿಸಿದ ಹಾಗೆ ತಿರುಗಿಸಿದರು. ತಂಬಿಗೆಯಲ್ಲಿ ನೀರು ಕೊಟ್ಟರೆ ತಲೆ ಹಿಂದಕ್ಕೆ ಬಾಗಿಸದೆ ಗುಟುಕು ಗುಟುಕಾಗಿ ಹೀರಿದರು. ತುಂಬಿದ ಬಿಂದಿಗೆ ಹೊತ್ತವರು ಹೇಗಿರುತ್ತಾರೋ ಹಾಗೆ. ಇಷ್ಟು ದಿನ ಬಿಗುಮಾನ ಎಂದುಕೊಂಡಿದ್ದು ಇದನ್ನೇ.

ಮೊದಲು ಕಣ್ಣು ನೋಡಬೇಕಿತ್ತು. ಹಟ್ಟಿಯ ತುಂಬ ಬೆಳಕು, ಒಳಮನೆಯಲ್ಲಿ ಒಲೆಯ ಹೊಗೆ. ಕೊನೆಗೆ ಅಕ್ಕ ಒಂದು ಕರೀ ಕಂಬಳಿ ತಂದುಕೊಟ್ಟರು. ರೋಗಿ, ನಾನು ಇಬ್ಬರೂ ಎದುರುಬದುರು ಕೂತು ಅದನ್ನು ತಲೆತುಂಬ ಹೊದ್ದುಕೊಂಡೆವು. ಕುರಿ ಉಣ್ಣೆಯ ಕಮಟು, ಇಬ್ಬರ ಬಿಸಿಯುಸಿರು, ನನ್ನ ಹಣೆಯ ಬೆವರು ಅವರ ಕೆನ್ನೆಗೆ. ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಒಂದು ಕಣ್ಣು ನೋಡಿದೆ, ಇನ್ನೊಂದನ್ನು ನೋಡಿದೆ, ನಂಬಿಕೆಯಾಗದೆ ಮತ್ತೆ ಮೊದಲನೆಯದನ್ನು ನೋಡಿದೆ. ಅಂಚು ಚೊಕ್ಕಟ.

"ಕಣ್ಣು ಚೆನ್ನಾಗಿದೆ," ಅಂದೆ. ಕಂಬಳಿ ತೆಗೆಯಲು ಕೈಯೆತ್ತಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ಕತ್ತಲಲ್ಲಿ, ಯಾರಿಗೂ ಕೇಳದಂತೆ, ಆರು ತಿಂಗಳ ಮಾತು ಹೊರಬಂತು.

"ಸಾ, ಮುಚ್ಳ ಸಡ್ಲ ಆಗದೆ."

"ಯಾವ ಮುಚ್ಚಳ?"

"ತಲೆ ಮುಚ್ಳ. ಮೂಳೆಯ ಮುಚ್ಳದಂಗೆ ಕುಯ್ದು ತಗುದು ತಿರುಗಾ ಮಡಗವ್ರೆ ಅಂತ ಪಕ್ಕದ್ ಮಂಚದವ್ನು ಅಂದ. ಊರಿಗೆ ಬಂದ್ಮೇಲೆ ಒಂದಿವ್ಸ ಬಗ್ಗುದೆ, ಒಳಗೆ ಟಕ್ ಅಂತು. ಅವತ್ನಿಂದ ಇಡ್ಕಂಡೇ ಇವ್ನಿ. ಅವ್ವನ್ ಕುಟ್ಟೆ ಎಂಗೇಳದು? ಎದ್ರಿ ಪ್ರಾಣ ಬುಟ್ಬುಡ್ತಳೆ."

ಕಂಬಳಿಯೊಳಗೇ ಅವರ ಕತ್ತಿಗೆ ಕೈಹಾಕಿದೆ. ಎರಡೂ ಕಡೆಯ ಸ್ನಾಯುಗಳು ಹಲಗೆಯಂತೆ ಸೆಟೆದಿದ್ದವು. ಒತ್ತಿದ ಕೂಡಲೆ "ಅಯ್ಯೋ, ಅದೇ ನೋವು, ಅದೇ" ಅಂದರು. ಹಗಲಿಡೀ ತಲೆಯನ್ನು ತುಂಬಿದ ಕೊಡದ ಹಾಗೆ ಹೊತ್ತು ಕೂತರೆ ಯಾವ ಕತ್ತು ತಾನೇ ತಡೆದೀತು?

"ಮತ್ತೆ ಅಮಾವಾಸ್ಯೆ ದಿನ?"

"ಅವತ್ತು ಯಾರೂ ನೇಯಾಕಿಲ್ವಲ್ಲ ಸಾ. ಎಲ್ರೂ ಜಗಲಿ ಮ್ಯಾಲೆ ಕೂತಿರ್ತರೆ. ನಾನೂ ಕೂತಿರ್ತೀನಿ. ಅವತ್ತೊಂದಿನ ನಾನೂ ಅವ್ರಂಗೇಯ. ತಲೆ ಗ್ಯಾನವೇ ಬರಾಕಿಲ್ಲ."

ಬೀದಿಯ ಮಗ್ಗಗಳ ಸದ್ದು ಅವರ ತಲೆಯನ್ನು ನೋಯಿಸುತ್ತಿರಲಿಲ್ಲ. ತನ್ನ ಮಗ್ಗವೊಂದೇ ಪಂಚೆ ಹೊದ್ದು ಮಲಗಿದೆ ಎನ್ನುವುದನ್ನು ದಿನವಿಡೀ ನೆನಪಿಸುತ್ತಿತ್ತು, ಅಷ್ಟೇ. ಹೊನ್ನೂರಿನಲ್ಲಿ ಎಲ್ಲರೂ ಗದ್ದೆಗೆ ಹೋದ ಮೇಲೆ ಜಗಲಿಯಲ್ಲಿ ಉಳಿಯುತ್ತಿದ್ದುದು ಅವರೂ ಅವರ ಮುಚ್ಚಳವೂ ಮಾತ್ರ. ವಾಂತಿಯ ಗುಟ್ಟು ಅವರ ಜೇಬಿನಲ್ಲೇ ಸಿಕ್ಕಿತು. ನೋವು ತಡೆಯದೆ ನಮ್ಮದೇ ಎಪಿಸಿ ಮಾತ್ರೆಗಳನ್ನು ಖಾಲಿ ಹೊಟ್ಟೆಗೆ ಕಡಲೆಯಂತೆ ನುಂಗುತ್ತಿದ್ದರು. ಹೊಟ್ಟೆ ಉರಿದು ವಾಂತಿ. ಮಾತ್ರೆ ಅತಿಯಾಗಿ ಅದರಿಂದಲೇ ಮತ್ತೆ ತಲೆನೋವು. ಇದ್ದಬದ್ದ ಮಾತ್ರೆಯನ್ನೆಲ್ಲ ಕಸಿದುಕೊಂಡು ಮಜ್ಜಿಗೆ ಅನ್ನ ತಿನ್ನಿಸಲು ಅಕ್ಕನಿಗೆ ಹೇಳಿದೆ.

ಕಣ್ಣು ಚೊಕ್ಕಟವಾಗಿದೆ ಎಂದು ನಾನು ನೋಡಿದ್ದು ನಿಜ. ಆದರೂ ವಾಂತಿ ಮಾತ್ರೆಯದ್ದು, ನೋವು ಕತ್ತಿನದ್ದು ಎಂದು ಊಹಿಸಿ, ಅದು ತಪ್ಪಾಗಿದ್ದರೆ? ಮರುದಿನ ಕೊಳ್ಳೇಗಾಲಕ್ಕೆ ಮರಳಿ ಪೋಸ್ಟಾಫೀಸಿನಿಂದ ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿ, ಬಹಳ ಹೊತ್ತು ಕಾದು, ಆಪರೇಷನ್ ಮಾಡಿದ ಸರ್ಜನ್ನರನ್ನು ಹಿಡಿದೆ. ಲೈನು ಗೊರಗೊರ ಅನ್ನುತ್ತಿತ್ತು. ನಾನು ಕಿರುಚಿದೆ, ಅವರೂ ಕಿರುಚಿದರು. ಪೋಸ್ಟಾಫೀಸಿನಲ್ಲಿದ್ದವರಿಗೆಲ್ಲ ನಮ್ಮ ನೇಕಾರರ ತಲೆಯ ಸಮಾಚಾರ ತಿಳಿಯಿತು.

"ಮಾತ್ರೆ ನಿಲ್ಲಿಸಿ ನಾಲ್ಕು ದಿನ ನೋಡಿ. ವಾಂತಿ ನಿಲ್ಲದಿದ್ದರೆ ತಕ್ಷಣ ಕಳಿಸಿ. ಮೂಳೆ ಎಲ್ಲೂ ಸಡಿಲವಾಗುವುದಿಲ್ಲ, ಸುತ್ತ ತೂತು ಕೊರೆದು ಬಿಗಿಯಾಗಿ ಕಟ್ಟಿದ್ದೇನೆ."

"ಯಾವುದರಲ್ಲಿ ಕಟ್ಟಿದ್ದೀರಿ ಸರ್, ತಂತಿಯಲ್ಲೋ?"

"ಅಲ್ಲಪ್ಪ, ರೇಷ್ಮೆ ದಾರದಲ್ಲಿ!"

ರಿಸೀವರ್ ಇಟ್ಟೆ. ಆಪರೇಷನ್ ಥಿಯೇಟರಿನಲ್ಲಿ ದಿನಾ ಬಳಸುತ್ತಿದ್ದ ರೇಷ್ಮೆ ದಾರ. ಅದನ್ನು ಒಬ್ಬ ರೇಷ್ಮೆ ನೇಕಾರನಿಗೆ ಹೇಳಬೇಕೆಂದು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ.

ವಾಂತಿ ನಿಂತಿತು. ಅವರು ಕೊಳ್ಳೇಗಾಲಕ್ಕೆ ವಾಪಸಾದರು. ಆಸ್ಪತ್ರೆಯಲ್ಲಿ ಎದುರಿಗೆ ಕೂರಿಸಿಕೊಂಡು, ಥಿಯೇಟರಿನ ಕರೀ ರೇಷ್ಮೆಯ ಉಂಡೆ ಕೈಗೆ ಕೊಟ್ಟೆ.

"ನಿಮ್ಮ ಮುಚ್ಚಳ ಕಟ್ಟಿರುವುದು ಇದರಲ್ಲಿ."

"ರೇಸ್ಮೆನಾ ಸಾ?" ಎಂದವರೇ ಎಳೆಯೊಂದನ್ನು ಬಿಡಿಸಿ ಬೆಳಕಿಗೆ ಹಿಡಿದರು. ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದರು, ನಾಲಿಗೆಗೆ ಮುಟ್ಟಿಸಿದರು, ಎರಡೂ ಕೈಗೆ ಸುತ್ತಿಕೊಂಡು ಜಗ್ಗಿದರು. ಬೆರಳಿಗೆ ಗೆರೆ ಕೊರೆಯಿತೇ ಹೊರತು ದಾರ ಕಡಿಯಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ಒಬ್ಬ ಕಸುಬಿನವನ ಕಳೆ ಕಂಡೆ.

"ಉರಿ ಚೆನ್ನಾಗದೆ," ಎಂದು ಎಳೆಯ ಹುರಿಯನ್ನು ಮೆಚ್ಚಿದರು. ಆಮೇಲೆ ಮೆಲ್ಲಗೆ, "ಆದ್ರೂ ಬಯ ಸಾ," ಅಂದರು.

ಆಗಲೇ ನಾನು ನಿರ್ಧಾರ ಮಾಡಿದ್ದು. ಅಂಥದ್ದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಬೆಳಿಗ್ಗೆಯ ಹೊರರೋಗಿಗಳನ್ನು ಮುಗಿಸಿಕೊಂಡು ಅವರ ಮನೆಗೆ ಹೋಗಿ, ಮಗ್ಗಕ್ಕೆ ಇಳಿಯಿರಿ ಅಂದೆ. ಮುಚ್ಚಳದ ಸುದ್ದಿ ಪೋಸ್ಟಾಫೀಸಿನಿಂದ ತಾಯಿಯ ಕಿವಿಗೂ ಬಿದ್ದಿತ್ತು, ಅವರು ಹೌಹಾರಿದರು.

"ಏನ್ ಸಾ ನೀವು! ಅಲುಗುಬಾರ್ದ ತಲೆ ಮಡಿಕಂಡು ಮಗ್ಗ ಬಡಿ ಅಂದೀರಲ್ಲ! ಏನಾರ ಆದ್ರೆ?"

"ನನ್ನ ಕೈ ಅವರ ತಲೆಯ ಮೇಲೇ ಇರುತ್ತದೆ ಅವ್ವ. ಏನಾದರೂ ಅಲುಗಿದರೆ ಮೊದಲು ನನಗೇ ಗೊತ್ತಾಗುತ್ತದೆ."

ಅವರು ನನ್ನನ್ನೂ ಮಗನನ್ನೂ ಬಾರಿಬಾರಿ ನೋಡಿದರು. ಆಮೇಲೆ ತಾವೇ ಹೋಗಿ ಆ ಬಿಳೀ ಪಂಚೆಯನ್ನು ಎಳೆದುಹಾಕಿದರು. ತಮ್ಮ ಓಡಿಬಂದು ಸಡಿಲಗೊಂಡಿದ್ದ ಹಾಸನ್ನು ಬಿಗಿದ. ಎಳೆಗಳಿಗೆ ನೀರು ಚಿಮುಕಿಸಿದ. ನೇಕಾರರು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರು. ನಾನು ಹಿಂದೆ ಮಂಡಿಯೂರಿ, ಹೊಲಿಗೆಯ ಗುರುತಿನ ಮೇಲೆ ಅಂಗೈಯನ್ನು ಅಗಲಿಸಿ ಇಟ್ಟೆ.

ಅವರು ಹಗ್ಗವನ್ನು ಹಿಡಿದು ಬಿಟ್ಟರು, ಮತ್ತೆ ಹಿಡಿದರು. ಆಮೇಲೆ ಎಳೆದರು. ಲಾಳಿ ಓಡಿತು. ಅಡ್ಡೆಳೆ ಕೂಡಿಸುವ ಹಣಿಗೆಯನ್ನು ಎಳೆದು ಮುಟ್ಟಿಸಿದರು, ಮಗುವಿಗೆ ತಟ್ಟಿದ ಹಾಗೆ.

"ಅಲುಗ್ತಾ ಸಾ?"

"ಇಲ್ಲ."

ಇನ್ನೊಂದು ಹೊಕ್ಕು. "ಈಗ?"

"ಇಲ್ಲ."

ಹೀಗೇ ಕೇಳುತ್ತ ಕೇಳುತ್ತ ಕೇಳುವುದನ್ನು ಮರೆತರು. ಟಕ್ ಟಕಾ ಟಕ್ ಶುರುವಾಯಿತು. ನನ್ನ ಅಂಗೈಯಡಿಯಲ್ಲಿ ಬೆಚ್ಚಗಿನ ಚರ್ಮ, ಅದರಡಿ ಗಟ್ಟಿ ಮೂಳೆ, ಕಿವಿಯ ಪಕ್ಕ ನಾಡಿಯ ಬಡಿತ. ಕಿರುಬೆರಳ ಕೆಳಗೆ ಅವರ ಕತ್ತು ಸ್ವಲ್ಪ ಸ್ವಲ್ಪವಾಗಿ ಸಡಿಲವಾಗುವುದು ತಿಳಿಯುತ್ತಿತ್ತು. ಬಾಗಿಲಲ್ಲಿ ಬೀದಿಯೇ ನೆರೆದಿತ್ತು. ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ನನ್ನ ಮಂಡಿ ಮರಗಟ್ಟಿತ್ತು. ಕೈ ತೆಗೆಯಲು ನನಗೇ ಮನಸ್ಸಾಗಲಿಲ್ಲ.

ಅಂದಿಗೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಮಾರನೇ ದಿನ ಉತ್ಸಾಹದಲ್ಲಿ ಮಧ್ಯಾಹ್ನದವರೆಗೂ ನೇಯ್ದು, ಸಂಜೆಗೆ ತಲೆ ಹಿಡಿದುಕೊಂಡು ಬಂದರು. ನಾನು ಬೈದೆ. ಸ್ವಲ್ಪ ಹೊತ್ತು ನೇಯುವುದು, ಎದ್ದು ಬೀದಿಯ ತುದಿಯವರೆಗೆ ನಡೆದು ಬರುವುದು, ಮತ್ತೆ ಕೂರುವುದು. ಕತ್ತಿಗೆ ಬಿಸಿನೀರಿನ ಶಾಖ, ಹೆಂಡತಿಯಿಂದ ಎಣ್ಣೆ ನೀವಿಸಿಕೊಳ್ಳುವುದು. ಎಪಿಸಿ ಕಡ್ಡಾಯವಾಗಿ ಬಂದ್. ಫಿಟ್ಸ್ ಮಾತ್ರೆ ಮಾತ್ರ ತಪ್ಪಿಸುವಂತಿಲ್ಲ. ಮೊದಲ ದಿನಗಳಲ್ಲಿ ನಾನು ಆಸ್ಪತ್ರೆಯಿಂದ ಹೋಗುವಾಗ ಆ ಮನೆ ಹೊಕ್ಕು ಒಂದಷ್ಟು ಹೊತ್ತು ತಲೆಯ ಮೇಲೆ ಕೈಯಿಡುತ್ತಿದ್ದೆ. ಆಮೇಲೆ ಆ ಕೆಲಸವನ್ನು ತಾಯಿ ವಹಿಸಿಕೊಂಡರು. ಕೊನೆಗೆ ಯಾರ ಕೈಯೂ ಬೇಡವಾಯಿತು. ನೋವು ಅಪರೂಪಕ್ಕೊಮ್ಮೆ ಬಂದು ಹೋಗುವ ನೆಂಟನಾಯಿತು. ತಮ್ಮನ ಮಗ್ಗ ಮನೆಗೆ ಮರಳಿತು.

ಅಂಥ ನೋವನ್ನು ಆಗ ನಾವು "ಎಲ್ಲಾ ಮನಸ್ಸಿಂದು" ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದೆವು. ಸುಳ್ಳು ನೋವು ಎಂಬ ಅರ್ಥ ಬರುವ ಹಾಗೆ. ಆ ಕತ್ತನ್ನು ಒತ್ತಿ ನೋಡಿದ ಮೇಲೆ ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಹೆದರಿಕೆ ಮನಸ್ಸಿನದ್ದಾದರೂ ಅದನ್ನು ಹೊತ್ತದ್ದು ಮೂಳೆ ಮಾಂಸವೇ.

ಸೀರೆ ಮುಗಿಯಿತು. ಆಪರೇಷನ್ನಿಗೆ ಮುಂಚಿನ ಗಟ್ಟಿ ಹೊಡೆತ ಎಲ್ಲಿ ನಿಂತು, ಆಮೇಲಿನ ಹೆದರಿದ ಹೊಡೆತ ಎಲ್ಲಿ ಶುರುವಾಯಿತೋ ಅಲ್ಲೊಂದು ಅಡ್ಡಗೆರೆ ಸಣ್ಣಗೆ ಕಾಣುತ್ತಿತ್ತು. ಅಂಗಡಿಯವರು ಅದನ್ನು ಮುಟ್ಟಲಿಲ್ಲ. ಆ ಸೀರೆ ಹೆಂಡತಿಯ ಮೈಮೇಲೆ ಬಂತು. ಹಬ್ಬಕ್ಕೆ ಉಟ್ಟಾಗ ಆಕೆ ಆ ಗೆರೆಯನ್ನು ನೆರಿಗೆಯೊಳಗೆ ಮುಚ್ಚುತ್ತಿರಲಿಲ್ಲ, ಮೇಲಕ್ಕೇ ಬರುವಂತೆ ಉಡುತ್ತಿದ್ದರು.

ಆಮೇಲೆ ಬಹಳ ದಿನ ಅವರು ಆಸ್ಪತ್ರೆಯ ಕಡೆ ಸುಳಿಯಲಿಲ್ಲ. ನನಗೆ ಹನೂರಿಗೆ ವರ್ಗವಾಗಿತ್ತು. ಹೊರಡುವ ಮುನ್ನಿನ ವಾರ, ಒಂದು ಬೆಳಿಗ್ಗೆ, ಬೇವಿನ ಮರದ ಸಾಲಿನಲ್ಲಿ ಆ ಟವಲು ಕಂಡಿತು. ಅವರನ್ನೇ ಮೊದಲು ಕರೆದೆ.

"ಏನಾಯಿತು?"

"ತಲೆನೋವು ಸಾ."

"ಯಾವಾಗಿನಿಂದ?"

"ಬೆಳಿಗ್ಗೆಯಿಂದ. ಇವತ್ತು ಅಮಾಸೆ ಅಲ್ವಾ, ಮಗ್ಗ ಇಲ್ಲ. ಕೈ ಕಟ್ಟಾಕ್ದಂಗಾಗದೆ."

ನಾನು ರೋಗಿಗಳ ಸಾಲಿನೆದುರಿಗೇ ಹೊಟ್ಟೆ ಹಿಡಿದು ನಕ್ಕುಬಿಟ್ಟೆ. ಅವರೂ ನಕ್ಕರು. ಕಾಂಪೌಂಡರು ಎಂದಿನಂತೆ ಪೊಟ್ಟಣ ಎತ್ತಿ ಹಿಡಿದು, "ಎರಡು ಮಾತ್ರೆ ಕೊಡ್ಲಾ ಯಜಮಾನ್ರೇ?" ಎಂದು ಕೇಳಿದರು.

ಅವರು ನಗುತ್ತಲೇ ಬೇಡವೆಂದು ತಲೆಯನ್ನು ಈ ಕಡೆಗೊಮ್ಮೆ ಆ ಕಡೆಗೊಮ್ಮೆ ಧಾರಾಳವಾಗಿ ಆಡಿಸಿದರು.